ಲೇಫೆಂಗ್ ಗೋಪುರ: ಇಟ್ಟಿಗೆ ಕದ್ದು ಕದ್ದೇ ಉರುಳಿದ ಸಾವಿರ ವರ್ಷದ ಕಟ್ಟಡ

ನಮಸ್ಕಾರ. ಚೀನಾದ ಹಾಂಗ್‌ಝೌ ನಗರದಲ್ಲಿ, ಪಶ್ಚಿಮ ಸರೋವರದ ದಕ್ಷಿಣ ದಡದ ಶೀಝಾವೊ ಗುಡ್ಡದ ಮೇಲೆ ನಿಂತಿರುವ ಲೇಫೆಂಗ್ ಗೋಪುರದ ಕುರಿತು ನಿಮ್ಮಲ್ಲಿ ಹಲವರು ಒಂದೇ ಪ್ರಶ್ನೆ ಕೇಳಿದ್ದೀರಿ: ಸಾವಿರ ವರ್ಷ ಹಳೆಯದೆನ್ನುವ ಗೋಪುರಕ್ಕೆ ಎಸ್ಕಲೇಟರ್ ಮತ್ತು ಲಿಫ್ಟ್ ಎಲ್ಲಿಂದ ಬಂದವು?

ಉತ್ತರ ಚಿಕ್ಕದು. ಇಂದು ಕಾಣುವ ಗೋಪುರ 2002ರಲ್ಲಿ ಉಕ್ಕಿನ ಚೌಕಟ್ಟಿನ ಮೇಲೆ ಕಟ್ಟಿದ್ದು. ಹಳೆಯದು 1924ರ ಸೆಪ್ಟೆಂಬರ್ 25ರಂದು ಕುಸಿದುಬಿತ್ತು. ಆದರೆ ಅದು ಏಕೆ ಕುಸಿಯಿತು ಎಂಬ ಪ್ರಶ್ನೆಯ ಬೆನ್ನು ಹತ್ತಿದಾಗ ನನಗೆ ಸಿಕ್ಕ ಕಥೆ, ಗುಡ್ಡದ ಮೇಲಿನಿಂದ ಕಾಣುವ ಸರೋವರದ ಸೊಬಗಿಗಿಂತಲೂ ಹೆಚ್ಚು ಕಾಡಿತು.

(ದೃಶ್ಯ: ಕುಸಿಯುವ ಮುನ್ನ ತೆಗೆದ ಗೋಪುರದ ಕಪ್ಪು-ಬಿಳುಪು ಛಾಯಾಚಿತ್ರ)

ಹತ್ತನೆಯ ಶತಮಾನದಲ್ಲಿ ಈ ಭಾಗವನ್ನು ಆಳುತ್ತಿದ್ದ ವೂಯುವೆ ರಾಜ್ಯದ ಕೊನೆಯ ದೊರೆ ಚಿಯೆನ್ ಚು ಇದನ್ನು ಕಟ್ಟಿಸಿದನು. 1555ರಲ್ಲಿ ಕಡಲ್ಗಳ್ಳರು ಬೆಂಕಿಯಿಟ್ಟಾಗ ಮರದ ಸೂರುಗಳೆಲ್ಲ ಸುಟ್ಟುಹೋಗಿ, ಇಟ್ಟಿಗೆಯ ಒಡಲು ಮಾತ್ರ ಉಳಿಯಿತು. ಆ ಬೋಳು ರೂಪವೂ ಜನರಿಗೆ ಪ್ರಿಯವಾಯಿತು. ಉತ್ತರ ದಡದ ಗುಡ್ಡದ ಮೇಲಿನ ಸಪೂರ ಬಾವೊಚು ಗೋಪುರ ಸುಂದರಿಯಂತಿದ್ದರೆ, ಲೇಫೆಂಗ್ ಮುದಿ ಸನ್ಯಾಸಿಯಂತಿದೆ ಎಂದು ಮಿಂಗ್ ಕಾಲದವರು ಹೇಳುತ್ತಿದ್ದರು.

ಬೆಂಕಿಗೂ ಜಗ್ಗದ ಆ ಸನ್ಯಾಸಿಯನ್ನು ಕೆಡವಿದ್ದು ಜನರ ನಂಬಿಕೆ. ಈ ಗೋಪುರದ ಇಟ್ಟಿಗೆ ಮನೆಯಲ್ಲಿದ್ದರೆ ರೋಗ ಬಾರದು, ಗರ್ಭ ನಿಲ್ಲುತ್ತದೆ, ರೇಷ್ಮೆಹುಳು ಚೆನ್ನಾಗಿ ಗೂಡು ಕಟ್ಟುತ್ತದೆ ಎಂಬ ಮಾತು ಹಬ್ಬಿ, ತಲೆಮಾರುಗಳ ಕಾಲ ಜನ ಬುಡದಿಂದ ಒಂದೊಂದೇ ಇಟ್ಟಿಗೆ ಕಿತ್ತೊಯ್ದರು. ಅವರನ್ನು ಮೂಢರೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ವೈದ್ಯರು ಕೈಗೆಟುಕದ ಹಳ್ಳಿಯಲ್ಲಿ, ಇಡೀ ವರ್ಷದ ಆದಾಯ ಹುಳುವಿನ ಒಂದು ಬೆಳೆಯನ್ನೇ ನೆಚ್ಚಿಕೊಂಡಿರುವಾಗ, ಕೈಗೆ ಸಿಗುವ ಆಸರೆಯನ್ನು ಯಾರು ತಾನೇ ಬಿಟ್ಟಾರು?

ಇನ್ನು ನನಗೆ ಅತ್ಯಂತ ಪ್ರಿಯವಾದ ವಿವರಕ್ಕೆ ಬರೋಣ. ಗೋಪುರ ಬಿದ್ದ ಮೇಲೆ ನೋಡಿದರೆ, ಕೆಲವು ಇಟ್ಟಿಗೆಗಳ ಒಂದು ಬದಿಯಲ್ಲಿ ದುಂಡನೆಯ ತೂತು ಕೊರೆದಿತ್ತು. ಆ ತೂತಿನೊಳಗೆ ಬೆರಳುಗಾತ್ರಕ್ಕೆ ಸುತ್ತಿದ ಕಾಗದದ ಸುರುಳಿಯಿತ್ತು. ಬಿಡಿಸಿದರೆ ಸುಮಾರು ಎರಡು ಮೀಟರ್ ಉದ್ದ, ಅಗಲವೋ ಒಂದು ಗೇಣಿಗಿಂತ ಬಹಳ ಕಡಿಮೆ. ಅದರ ಮೇಲೆ ಮರದ ಅಚ್ಚಿನಿಂದ ಮುದ್ರಿಸಿದ ಬೌದ್ಧ ಧಾರಣಿ ಮಂತ್ರವಿತ್ತು. ಆರಂಭದ ಸಾಲುಗಳಲ್ಲೇ, ದೊರೆ ಚಿಯೆನ್ ಚು 84,000 ಪ್ರತಿಗಳನ್ನು ಮಾಡಿಸಿ ಈ ಗೋಪುರಕ್ಕೆ ಅರ್ಪಿಸಿದನೆಂಬ ಮಾತೂ 975ಕ್ಕೆ ಸರಿಹೊಂದುವ ಕಾಲವೂ ಇದ್ದವು. ನಮ್ಮಲ್ಲಿ ತಾಯತದೊಳಗೆ ಮಂತ್ರದ ಸುರುಳಿ ಇಡುವಂತೆಯೇ ಆ ದೊರೆ ಇಟ್ಟಿಗೆಯೊಳಗೆ ಮಂತ್ರವಿಟ್ಟಿದ್ದನು. ಯುರೋಪಿನಲ್ಲಿ ಗುಟೆನ್‌ಬರ್ಗ್ ಅಚ್ಚುಮೊಳೆ ಹೂಡುವುದಕ್ಕೆ ಸುಮಾರು ಐದು ಶತಮಾನ ಮೊದಲೇ ಮುದ್ರಣವಾದ ಕಾಗದವದು, ಅದನ್ನು ಯಾರೂ ಓದಲೆಂದು ಇಟ್ಟಿರಲೂ ಇಲ್ಲ.

84,000 ಎಂಬ ಸಂಖ್ಯೆ ಬಂದದ್ದು ಅಶೋಕನಿಂದ. ಅವನು ಅಷ್ಟು ಸ್ತೂಪಗಳನ್ನು ಕಟ್ಟಿಸಿದನೆಂಬುದು ಬೌದ್ಧ ಐತಿಹ್ಯ, ಚಿಯೆನ್ ಚುವಿಗೆ ಅದೇ ಮೇಲ್ಪಂಕ್ತಿ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಬಂಡೆಯ ಮೇಲೆ ಹೆಸರು ಕೊರೆಸಿದ ಅದೇ ಅಶೋಕ. 2001ರಲ್ಲಿ ಪುರಾತತ್ವಜ್ಞರು ಗೋಪುರದ ಅಡಿಯ ನೆಲಮಾಳಿಗೆ ತೆರೆದಾಗ, ಕಬ್ಬಿಣದ ಪೆಟ್ಟಿಗೆಯೊಳಗೆ ಚಿನ್ನದ ಮುಲಾಮಿನ ಬೆಳ್ಳಿಯ ಪುಟ್ಟ ಅಶೋಕ ಸ್ತೂಪ ಸಿಕ್ಕಿತು. ಅದರ ನಾಲ್ಕು ಮುಖಗಳ ಜಾತಕ ಕಥೆಗಳಲ್ಲಿ ಒಂದು, ಪಾರಿವಾಳವನ್ನು ಉಳಿಸಲು ತನ್ನ ಮಾಂಸವನ್ನೇ ತೂಗಿಕೊಟ್ಟ ಶಿಬಿ ಮಹಾರಾಜನದು.

ಸಮಯ ಮೀರುತ್ತಿರುವುದರಿಂದ ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಬಿಳಿ ಹಾವಿನ ಹೆಣ್ಣನ್ನು ಸನ್ಯಾಸಿಯೊಬ್ಬ ಈ ಗೋಪುರದಡಿ ಬಂಧಿಸಿದನೆಂಬ ಪ್ರಸಿದ್ಧ ಕಥೆಗೆ ಪ್ರತ್ಯೇಕ ವಿಡಿಯೋ ಬೇಕು. ಸರೋವರ 2011ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಗುಡ್ಡ ಐವತ್ತು ಮೀಟರಿನ ಆಸುಪಾಸಿನದಷ್ಟೇ, ವಯಸ್ಸಾದವರೂ ಎಸ್ಕಲೇಟರಿನಲ್ಲಿ ಹತ್ತಬಹುದು. ಮೇಲಿನ ಅಂತಸ್ತಿನಿಂದ, ಹನ್ನೊಂದನೆಯ ಶತಮಾನದಲ್ಲಿ ಕವಿ-ಅಧಿಕಾರಿ ಸು ಶಿ ಹೂಳೆತ್ತಿಸಿದ ಮಣ್ಣಿನಿಂದ ಕಟ್ಟಿಸಿದ ಉದ್ದನೆಯ ಏರಿ ಕಾಣುತ್ತದೆ.

ಹೋಗುವವರಿಗೆ ನನ್ನ ಕೋರಿಕೆ ಒಂದೇ. ಬಹುಪಾಲು ಪ್ರವಾಸಿಗರು ಸೂರ್ಯಾಸ್ತಕ್ಕೆಂದು ನೇರವಾಗಿ ಮೇಲಕ್ಕೆ ಧಾವಿಸುತ್ತಾರೆ. ನೀವು ಹಾಗೆ ಮಾಡದೆ, ಹೊಸ ಗೋಪುರದ ಕೆಳಭಾಗದಲ್ಲಿ ಗಾಜಿನ ಹಿಂದೆ ಕಾಪಾಡಿರುವ ಹಳೆಯ ಇಟ್ಟಿಗೆಗಳ ರಾಶಿಯನ್ನು ಮೊದಲು ಸಾವಕಾಶವಾಗಿ ನೋಡಿ, ಆಮೇಲೆ ಲಿಫ್ಟ್ ಹತ್ತಿ.