ಗೋಡೆ ಯಾವುದರದು, ಊಟ ಹೇಗೆ?

ಎಲ್ಲರಿಗೂ ನಮಸ್ಕಾರ. ಮಂಡ್ಯದ ಮೇಷ್ಟ್ರುಗಳು, ಮೇಡಂಗಳು, ಒಂಬತ್ತನೇ ಕ್ಲಾಸಿನ ಮಕ್ಕಳು, ಹಿಂದಿನ ಸಾಲಿನಲ್ಲಿ ರೈತರು, ಎಲ್ಲರೂ ಒಟ್ಟಿಗೆ ಕೂತಿದ್ದೀರಿ. ನನಗೆ ಇದೇ ಬೇಕಿತ್ತು.

ಜೀವಿಗಳನ್ನೆಲ್ಲ ವಿಂಗಡಿಸುವ ಐದು ಸಾಮ್ರಾಜ್ಯಗಳ ಪಟ್ಟಿ ನಿಮಗೆಲ್ಲ ಬಾಯಿಪಾಠ. 1969ರಲ್ಲಿ ಅಮೆರಿಕದ ವಿಜ್ಞಾನಿ ವಿಟೇಕರ್ ಕೊಟ್ಟಿದ್ದು. ಅದನ್ನು ಮತ್ತೆ ಒಪ್ಪಿಸಲು ನಾನು ಬಂದಿಲ್ಲ. ಆ ಪಟ್ಟಿಯನ್ನು ನಾವು ಎರಡು ಮಾರ್ಕಿನ ಪ್ರಶ್ನೆಯಾಗಿ ಮಾಡಿಟ್ಟಿದ್ದೇವೆ, ಅದೇ ನನ್ನ ತಕರಾರು. ಯಾವ ಜೀವಿ ಕೈಗೆ ಸಿಕ್ಕರೂ ಮಕ್ಕಳು ಎರಡು ವಿಷಯ ಕೇಳಬೇಕು. ಇದರ ಜೀವಕೋಶದ ಗೋಡೆ ಯಾವುದರದು? ಇದು ಊಟ ಮಾಡುವುದು ಹೇಗೆ?

ಅಣಬೆಯನ್ನೇ ಕೇಳೋಣ. ಜೀವಿಗಳನ್ನು ವಿಂಗಡಿಸಿ ಹೆಸರಿಟ್ಟ ಲಿನೇಯಸ್ ಕಾಲದಿಂದ ಅದನ್ನು ಸಸ್ಯಗಳ ಜೊತೆಗೇ ಇಟ್ಟಿದ್ದರು. ನೆಲದಿಂದ ಏಳುತ್ತದೆ, ಓಡಾಡುವುದಿಲ್ಲ, ಹಾಗಾಗಿ ಗಿಡ ಅಂದರು. ಆದರೆ ಗಿಡದ ಕೋಶದ ಗೋಡೆ ಸೆಲ್ಯುಲೋಸಿನದು. ಅಣಬೆಯ ಗೋಡೆಯಲ್ಲಿ ಕೈಟಿನ್ ಇದೆ. ಏಡಿಯ ಚಿಪ್ಪಿನಲ್ಲೂ ಜಿರಲೆಯ ಮೈಮೇಲೂ ಇರುವುದು ಅದೇ ಕೈಟಿನ್. ಗಿಡ ಪಿಷ್ಟ ಕೂಡಿಡುತ್ತದೆ, ಅಣಬೆ ಗ್ಲೈಕೋಜನ್ ಕೂಡಿಡುತ್ತದೆ, ನಮ್ಮ ಲಿವರ್‌ನಲ್ಲಿ ಇರುವ ಹಾಗೆ. ಇನ್ನು ಊಟ. ಅದಕ್ಕೆ ಬಾಯಿಯೂ ಇಲ್ಲ, ಹಸಿರೂ ಇಲ್ಲ. ಕಿಣ್ವವನ್ನು ಹೊರಗೆ ಸುರಿಸಿ, ಆಹಾರವನ್ನು ಹೊರಗೇ ಕರಗಿಸಿ, ಆಮೇಲೆ ಹೀರಿಕೊಳ್ಳುತ್ತದೆ. ವಂಶವಾಹಿಗಳನ್ನು ಹೋಲಿಸಿ ನೋಡಿದವರೂ ಶಿಲೀಂಧ್ರ, ಅಂದರೆ ಅಣಬೆಯ ಗುಂಪು, ಗಿಡಗಳಿಗಿಂತ ಪ್ರಾಣಿಗಳಿಗೇ ಹತ್ತಿರ ಎಂದಿದ್ದಾರೆ. ಮುದ್ದೆ ಜೊತೆ ಅಣಬೆ ಸಾರು ಉಣ್ಣುವಾಗ ನೆನಪಿಡಿ, ತಟ್ಟೆಯಲ್ಲಿರುವ ರಾಗಿಗಿಂತ ಅಣಬೆಯೇ ನಿಮಗೆ ಹತ್ತಿರದ ನೆಂಟ.

ನಕ್ಕಿರಿ, ಸಂತೋಷ. ಈಗ ಗದ್ದೆಗೆ ಹೋಗೋಣ.

ಮದ್ದೂರು ಕಡೆಯ ರೈತರೊಬ್ಬರು ಒಮ್ಮೆ ಭತ್ತದ ಎಲೆ ಹಿಡಿದು ಬಂದರು. ಬೆಂಕಿ ರೋಗ. ಎರಡು ತುದಿ ಚೂಪು, ನಡುವೆ ಬೂದು ಬಣ್ಣ, ನಿಮಗೆ ಗೊತ್ತಿರುವ ಅದೇ ಚುಕ್ಕೆ. 'ಮೇಷ್ಟ್ರೇ, ಔಷ್ದಿ ಹೊಡ್ದು ವಾರ ಆಯ್ತು. ಚುಕ್ಕೆ ಮಾತ್ರ ಹೋಗ್ನಿಲ್ಲ. ಅಂಗಡಿಯವ್ನು ಮೋಸ ಮಾಡ್ಬುಟ್ನಾ?' ಅಂದರು. ಯಾವ ಔಷಧಿ ಅಂತ ಕೇಳಿದೆ. ಟ್ರೈಸೈಕ್ಲಜೋಲ್. ಕೂತ್ಕೊಳ್ಳಿ ಗೌಡ್ರೇ, ಅಂದೆ. ಎಲೆಯ ಮೇಲೆ ಏನಾಗುತ್ತದೆ ಅಂತ ಕಾಗದದ ಮೇಲೆ ಬರೆದು ತೋರಿಸಿದೆ.

ಬೆಂಕಿ ರೋಗ ತರುವುದು ಒಂದು ಶಿಲೀಂಧ್ರ. ಅದರ ಬೀಜಾಣು ಪೇರಳೆ ಆಕಾರದ್ದು, ಮೂರೇ ಕೋಶ. ಇಬ್ಬನಿ ಇರುವ ಎಲೆಗೆ ಬಂದು ಅಂಟಿಕೊಳ್ಳುತ್ತದೆ. ಕೆಲವೇ ಗಂಟೆಗಳಲ್ಲಿ ಮೊಳೆತು ಎಳೆ ಬಿಡುತ್ತದೆ. ಎಳೆಯ ತುದಿ ಊದಿ ಗುಂಡಗಿನ ಕೋಶ ಆಗುತ್ತದೆ. ಆ ಕೋಶ ತನ್ನ ಗೋಡೆಗೆ ಒಳಗಡೆಯಿಂದ ಮೆಲನಿನ್ ಬಳಿದುಕೊಳ್ಳುತ್ತದೆ. ನಮ್ಮ ಕೂದಲಿಗೆ ಕಪ್ಪು ಬಣ್ಣ ಕೊಡುವುದೂ ಒಂದು ಬಗೆಯ ಮೆಲನಿನ್ನೇ. ಆಮೇಲೆ ಒಳಗೆ ಗ್ಲಿಸರಾಲ್ ತುಂಬಿಕೊಳ್ಳುತ್ತದೆ. ಗ್ಲಿಸರಾಲ್ ಹೊರಹೋಗದಂತೆ ಮೆಲನಿನ್ ತಡೆಯುತ್ತದೆ, ನೀರು ಮಾತ್ರ ಒಳಗೆ ನುಗ್ಗುತ್ತಲೇ ಇರುತ್ತದೆ. ಇದಕ್ಕೆ ಏನಂತೀರಿ ಮಕ್ಕಳೇ? ಅಭಿಸರಣೆ! ಒಣದ್ರಾಕ್ಷಿ ನೀರಲ್ಲಿ ಹಾಕಿ ನೋಡಿದ್ದೀರಲ್ಲ, ಅದೇ ಪಾಠ. ಒತ್ತಡ ಏರಿ ಏರಿ ಸುಮಾರು 80 ವಾತಾವರಣದವರೆಗೆ, ಅಂದರೆ ನಮ್ಮ ಸುತ್ತಲ ಗಾಳಿಯ ಒತ್ತಡದ 80 ಪಟ್ಟಿನವರೆಗೆ ಹೋಗುತ್ತದೆ. ಕಾರಿನ ಟೈರಿನಲ್ಲಿರುವುದು ಎರಡು, ಎರಡೂವರೆ ಅಷ್ಟೇ. ಕಣ್ಣಿಗೂ ಕಾಣದ ಒಂದು ಕೋಶ ಆ ಬಲದಿಂದ ಎಲೆಯ ಹೊರಪದರವನ್ನು ಚುಚ್ಚಿ ಒಳಗೆ ಹೋಗುತ್ತದೆ!

ಟ್ರೈಸೈಕ್ಲಜೋಲ್ ಮಾಡುವುದು ಇಷ್ಟೇ, ಮೆಲನಿನ್ ತಯಾರಾಗದಂತೆ ತಡೆಯುತ್ತದೆ. ಗೋಡೆ ಸೋರುತ್ತದೆ, ಒತ್ತಡ ಬರುವುದಿಲ್ಲ, ಚುಚ್ಚಲು ಆಗುವುದಿಲ್ಲ. ಆದರೆ ಆಗಲೇ ಒಳಗೆ ಹೋಗಿರುವುದನ್ನು ಅದು ಕೊಲ್ಲುವುದಿಲ್ಲ. ಸತ್ತ ಎಲೆಕೋಶ ಮತ್ತೆ ಹಸಿರಾಗುವುದೂ ಇಲ್ಲ. ಗೌಡರು ನೋಡಬೇಕಾಗಿದ್ದು ಹೊಸ ಎಲೆಯನ್ನು. ಅಂಗಡಿಯವನದು ತಪ್ಪೇ ಇರಲಿಲ್ಲ. ಯೂರಿಯಾ ಜಾಸ್ತಿ ಹಾಕಿದ್ದರು, ಅದೂ ಈ ರೋಗಕ್ಕೆ ಹಬ್ಬ. ಹೇಳಿದೆ. ಒಪ್ಪಿದರು. ಗೋಡೆ ಯಾವುದರದು ಅನ್ನುವ ಪ್ರಶ್ನೆ ಪರೀಕ್ಷೆಗೆ ಮಾತ್ರ ಅಲ್ಲ, ಫಸಲಿಗೂ ಬೇಕು.

ಇನ್ನೊಂದು ಉದಾಹರಣೆ. ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ಮಲೆನಾಡಿನ ಅಡಿಕೆ ಕೊಳೆರೋಗಕ್ಕೆ ಕಾರಣ ಹುಡುಕಿದರು. ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಗೊನೆಗೆ ಹೊಡೆಯುವುದನ್ನು ಬೆಳೆಗಾರರಿಗೆ ಕಲಿಸಿದರು. ದೊಡ್ಡ ಕೆಲಸ. ಆಗ ಎಲ್ಲರೂ ಆ ರೋಗಾಣುವನ್ನು ಶಿಲೀಂಧ್ರ ಅಂತಲೇ ತಿಳಿದಿದ್ದರು. ಅದೂ ಎಳೆಎಳೆಯಾಗಿ ಬೆಳೆಯುತ್ತದೆ, ಹೀರಿಯೇ ಉಣ್ಣುತ್ತದೆ. ಆದರೆ ಗೋಡೆ? ಸೆಲ್ಯುಲೋಸಿನದು! ಇವತ್ತು ಅದನ್ನು ಶಿಲೀಂಧ್ರದ ಗುಂಪಿನಿಂದ ಹೊರಗಿಟ್ಟಿದ್ದಾರೆ. ಮೆಲನಿನ್ ಬಳಿದುಕೊಂಡು ಚುಚ್ಚುವ ಜೀವಿ ಇದಲ್ಲ, ಹಾಗಾಗಿ ಬೆಂಕಿ ರೋಗದ ಆ ಔಷಧಿಯನ್ನು ಅಡಿಕೆಗೆ ಹೊಡೆದರೆ ದುಡ್ಡು ದಂಡ. ಒಂದೇ ಪ್ರಶ್ನೆ ಕೇಳಿದ್ದರೆ ಸಾಲದು, ಎರಡೂ ಕೇಳಬೇಕು ಅನ್ನುವುದು ಇದಕ್ಕೇ.

ಚೀಟಿ ಬಂತು, ಹತ್ತು ನಿಮಿಷ ಇದೆಯಂತೆ. ಹುತ್ತದೊಳಗೆ ಗೆದ್ದಲು ಅಣಬೆ ಬೇಸಾಯ ಮಾಡುವುದನ್ನು ಹೇಳಬೇಕೆಂದಿದ್ದೆ, ಈಗ ಬಿಡುತ್ತೇನೆ. ಅಂಗಾಂಶ, ಅಂದರೆ ಒಟ್ಟಾಗಿ ಒಂದು ಕೆಲಸ ಮಾಡುವ ಕೋಶಗಳ ಗುಂಪು, ಅದರ ಬಗ್ಗೆ ಎರಡೇ ಮಾತು. ಅಣಬೆಯ ಕಾಂಡವನ್ನು ಉದ್ದಕ್ಕೆ ಸೀಳಿ, ಎಳೆಎಳೆಯಾಗಿ ಬರುತ್ತದೆ. ಗಿಡದಲ್ಲಿರುವಂಥ ಅಂಗಾಂಶ ಅಲ್ಲಿಲ್ಲ, ಎಳೆಗಳು ಹೆಣೆದುಕೊಂಡಿವೆ ಅಷ್ಟೇ. ಭತ್ತದ ಬೇರು ಹಾಗಲ್ಲ. ಅದನ್ನು ಅಡ್ಡ ಕೊಯ್ದರೆ ದೊಡ್ಡ ದೊಡ್ಡ ಖಾಲಿ ಜಾಗ ಕಾಣುತ್ತದೆ, ಗಾಳಿ ಓಡಾಡುವ ಅಂಗಾಂಶ. ನಿಂತ ನೀರಿನ ಕೆಸರಲ್ಲೂ ಬೇರಿಗೆ ಎಲೆಯ ಕಡೆಯಿಂದ ಆಮ್ಲಜನಕ ಸಿಗುವುದು ಅದರಿಂದಲೇ.

ಬೇರನ್ನೂ ಬೆಂಕಿ ರೋಗದ ಎಲೆಯನ್ನೂ ತಂದಿದ್ದೇನೆ. ಸೂಕ್ಷ್ಮದರ್ಶಕ ಆ ಮೇಜಿನ ಮೇಲಿದೆ. ಬ್ಲೇಡ್ ಹಿಡಿಯುವುದು ಮೇಷ್ಟ್ರುಗಳು, ನೋಡುವುದು ಮೊದಲು ಮಕ್ಕಳು. ಆಮೇಲೆ ರೈತರು ಬನ್ನಿ, ನಿಮ್ಮ ಗದ್ದೆಯ ಎಲೆ ಏನಾದರೂ ತಂದಿದ್ದರೆ ಅದನ್ನೂ ಇಟ್ಟು ನೋಡೋಣ.