ಫಿಸಿಷಿಯನ್ ಅಸಿಸ್ಟೆಂಟ್ ಶಿಕ್ಷಣ: ಆಯ್ಕೆ ಸಮಿತಿ ಏನನ್ನು ಹುಡುಕುತ್ತದೆ

ವೇದಿಕೆಯ ಮೇಲಿರುವ ಹಿರಿಯರೇ, ಪೋಷಕರೇ, ವಿದ್ಯಾರ್ಥಿ ಮಿತ್ರರೇ,

ದಾವಣಗೆರೆಯಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾದ 1965ರಲ್ಲಿಯೇ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾ. ಯೂಜಿನ್ ಸ್ಟೆಡ್ ಅವರು ಫಿಸಿಷಿಯನ್ ಅಸಿಸ್ಟೆಂಟ್, ಅಂದರೆ ವೈದ್ಯರೊಡನೆ ತಂಡವಾಗಿ ರೋಗಿಗಳ ಆರೈಕೆ ಮಾಡುವ ಸಹಾಯಕರ ತರಬೇತಿಗೆ ಚಾಲನೆ ನೀಡಿದರು. ಮೊದಲು ಸೇರಿದ ನಾಲ್ವರೂ ನೌಕಾಪಡೆಯಲ್ಲಿ ರೋಗಿಗಳ ಆರೈಕೆ ಮಾಡಿ ಬಂದವರು. ರೋಗಿಯ ಒಡನಾಟವಿದ್ದವರನ್ನು ಆರಿಸಿಕೊಳ್ಳುವ ಆ ಪದ್ಧತಿ ಅಲ್ಲಿ ಇಂದಿಗೂ ಬಲವಾಗಿ ಉಳಿದಿದೆ.

ನಮ್ಮ ದೇಶದಲ್ಲಿ ಈ ಶಿಕ್ಷಣ 1992ರಲ್ಲಿ ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್‌ನಲ್ಲಿ ಮೊದಲಾಯಿತು. ಇಲ್ಲಿ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರು ನೇರವಾಗಿ ಬಿ.ಎಸ್ಸಿ.ಗೆ ಸೇರಬಹುದು. 2021ರ ಸಹಾಯಕ ಆರೋಗ್ಯ ವೃತ್ತಿಗಳ ಕಾಯ್ದೆಯು ಫಿಸಿಷಿಯನ್ ಅಸೋಸಿಯೇಟ್ ಎಂಬ ಹೆಸರಿನಲ್ಲಿ ಈ ವೃತ್ತಿಯನ್ನು ತನ್ನ ಅನುಸೂಚಿಗೆ ಸೇರಿಸಿಕೊಂಡಿದೆ. ಆದರೆ ಇಲ್ಲಿಯ ಪದವಿಯೊಂದರಿಂದಲೇ ಅಮೆರಿಕದಲ್ಲಿ ಈ ಕೆಲಸಕ್ಕೆ ಸೇರಲಾಗದು. ಅಲ್ಲಿಯ ಪರವಾನಗಿಗೆ ಬೇಕಾದ 'ಪ್ಯಾನ್ಸ್' ಪರೀಕ್ಷೆಗೆ ಅಲ್ಲಿಯೇ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಓದಿರಬೇಕು. ಶುಲ್ಕ ಕಟ್ಟುವ ಮುನ್ನ ಪೋಷಕರು ತಿಳಿಯಬೇಕಾದ ಮೊದಲ ಸಂಗತಿ ಇದೇ ಎಂದು ನಾನು ಭಾವಿಸುತ್ತೇನೆ.

ಅಮೆರಿಕದ ತರಬೇತಿ ಸ್ನಾತಕೋತ್ತರ ಮಟ್ಟದ್ದು, ಸಾಮಾನ್ಯವಾಗಿ ಸುಮಾರು 27 ತಿಂಗಳಿನದು. ಬಹುತೇಕ ಸಂಸ್ಥೆಗಳಿಗೆ 'ಕ್ಯಾಸ್ಪಾ' ಎಂಬ ಒಂದೇ ಜಾಲತಾಣದ ಮೂಲಕ ಅರ್ಜಿ ಹಾಕಬೇಕು. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಸೂಕ್ಷ್ಮಜೀವಶಾಸ್ತ್ರಗಳ ಅಂಕಗಳು ಮುಖ್ಯವೇ; ಆದರೂ ನಮ್ಮ ಹುಡುಗರು ಎಡವುವುದು ಹೆಚ್ಚಾಗಿ ಅನುಭವದ ಗಂಟೆಗಳ ಲೆಕ್ಕದಲ್ಲಿ. ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ವರ್ಷವಿಡೀ ಕುಳಿತರೂ ಅದು ಆರೋಗ್ಯ ಕ್ಷೇತ್ರದ ಅನುಭವವಾಗುತ್ತದೆಯೇ ಹೊರತು ರೋಗಿಯ ನೇರ ಆರೈಕೆಯ ಅನುಭವವಾಗುವುದಿಲ್ಲ. ವೈದ್ಯರ ಹಿಂದೆ ನಿಂತು ರೌಂಡ್ಸ್ ನೋಡುವುದೂ ಪ್ರತ್ಯೇಕ ಲೆಕ್ಕ. ರಾತ್ರಿ ಪಾಳಿಯಲ್ಲಿ ರಕ್ತದೊತ್ತಡ ನೋಡಿ, ಮೂತ್ರದ ಪ್ರಮಾಣವನ್ನು ಚಾರ್ಟಿನಲ್ಲಿ ಬರೆದು, ಏರುಪೇರಾದಾಗ ಡ್ಯೂಟಿ ಡಾಕ್ಟರನ್ನು ಕರೆಯುವ ಶುಶ್ರೂಷಕಿ, 108 ಆಂಬುಲೆನ್ಸಿನಲ್ಲಿ ಗಾಯಾಳುವಿಗೆ ಪಟ್ಟಿ ಕಟ್ಟುವ ತಂತ್ರಜ್ಞ, ಇಂಥವರ ಗಂಟೆಗಳಿಗೆ ಹೆಚ್ಚಿನ ತೂಕ. ಆದ್ದರಿಂದ ಕೆಲಸದ ದಿನಾಂಕ, ವಾರದ ಗಂಟೆ, ಮೇಲ್ವಿಚಾರಕರ ಹೆಸರುಗಳನ್ನು ಆಗಿಂದಾಗ್ಗೆ ಬರೆದಿಡಿ.

ಇನ್ನು ಅರ್ಜಿಯ ಜೊತೆಗೆ ಕೊಡಬೇಕಾದ, ಐದು ಸಾವಿರ ಅಕ್ಷರಗಳಿಗೆ ಮೀರದ ಆತ್ಮನಿವೇದನೆಯ ಬರಹ. ಪದಗಳಲ್ಲ, ಖಾಲಿ ಜಾಗವೂ ಸೇರಿದ ಅಕ್ಷರಗಳ ಮಿತಿ ಅದು. 'ಬಾಲ್ಯದಿಂದಲೂ ಜನಸೇವೆಯ ಹಂಬಲ' ಎಂದು ಆರಂಭವಾಗುವ ಬರಹಗಳಿಂದ ಓದುವವರು ಬೇಸತ್ತಿರುತ್ತಾರೆ. ವೈದ್ಯರಾಗುವ ಬದಲು, ವೈದ್ಯರೊಡನೆ ತಂಡವಾಗಿ ದುಡಿಯುವ ಈ ಹುದ್ದೆಯನ್ನೇ ಏಕೆ ಆರಿಸಿದಿರಿ ಎಂಬುದಕ್ಕೆ ಉತ್ತರ ಅಲ್ಲಿರಬೇಕು. ನೀಟ್‌ನಲ್ಲಿ ಸೀಟು ಸಿಗದ ಬೇಸರ ಉತ್ತರವಾಗಲಾರದು. ಸಂದರ್ಶನದಲ್ಲಿ ಅದು ಬೇಗ ಬಯಲಾಗುತ್ತದೆ.

ಕ್ಯಾಸ್ಪಾ ಅರ್ಜಿ ಪ್ರತಿವರ್ಷ ಏಪ್ರಿಲ್ ಅಂತ್ಯದ ಸುಮಾರಿಗೆ ತೆರೆಯುತ್ತದೆ. ಅನೇಕ ಸಂಸ್ಥೆಗಳು ಅರ್ಜಿಗಳನ್ನು ಬಂದಂತೆಲ್ಲ ಪರಿಶೀಲಿಸುವುದರಿಂದ ತಡವಾದಷ್ಟೂ ಸೀಟು ಕಡಿಮೆ. ಭಾರತದ ಅಂಕಪಟ್ಟಿಗಳಿಗೆ ಅಲ್ಲಿಯ ಸಂಸ್ಥೆಯೊಂದರಿಂದ ಮೌಲ್ಯಮಾಪನವೂ ಬೇಕು. ಕೆಲವು ವಿಷಯಗಳನ್ನು ಅಮೆರಿಕದ ಕಾಲೇಜಿನಲ್ಲಿಯೇ ಓದಿರಬೇಕೆಂದು ಕೇಳುವ ಸಂಸ್ಥೆಗಳೂ ಇವೆ. ಹಾಗಾಗಿ ನೀವು ಓದಿದ್ದು ದಾವಣಗೆರೆ ವಿಶ್ವವಿದ್ಯಾಲಯದಲ್ಲಾಗಲಿ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿಯಲ್ಲಾಗಲಿ, ಪರೀಕ್ಷಾ ವಿಭಾಗಕ್ಕೆ ಟ್ರಾನ್ಸ್‌ಕ್ರಿಪ್ಟ್‌ನ ಅರ್ಜಿಯನ್ನು ಹಿಂದಿನ ದಸರೆಯ ಹೊತ್ತಿಗೇ ಸಲ್ಲಿಸಿರಿ.