ಬೀಳಗಿಯ ಅಮೀರ್‌ಬಾಯಿ: ಕಂಪನಿ ರಂಗದಿಂದ ಬೆಳ್ಳಿತೆರೆಗೆ

ಕೇಳುಗ ಬಂಧುಗಳಿಗೆ ನಮಸ್ಕಾರ.

ವಿಜಯಪುರದ ಹಿರಿಯರಲ್ಲಿ ಅಮೀರ್ ಟಾಕೀಸಿನ ಹೆಸರು ಕೇಳದವರು ವಿರಳ. ಆದರೆ ಆ ಅಮೀರ್ ಯಾರು ಎಂದು ಇಂದಿನ ಕಾಲೇಜು ಹುಡುಗರನ್ನು ಕೇಳಿದರೆ, ಯಾರೋ ನವಾಬನೋ ಸರದಾರನೋ ಇರಬೇಕೆಂದು ಉತ್ತರಿಸುವವರೇ ಹೆಚ್ಚು. ಅದು ನಮ್ಮದೇ ನೆಲದ ಒಬ್ಬ ಹೆಣ್ಣುಮಗಳ ಹೆಸರು. ಬೀಳಗಿಯಲ್ಲಿ ಹುಟ್ಟಿ, ಕನ್ನಡ ನಾಟಕ ಕಂಪನಿಗಳಲ್ಲಿ ಬಣ್ಣ ಹಚ್ಚಿ, ಮುಂಬಯಿಗೆ ಹೋಗಿ, ದೇಶವೆಲ್ಲ ಗುನುಗಿದ ಹಾಡುಗಳಿಗೆ ದನಿಯಾದ ಅಮೀರ್‌ಬಾಯಿ ಕರ್ನಾಟಕಿಯವರ ಹೆಸರು. ಅವರು ಹುಟ್ಟಿದ ಕಾಲಕ್ಕೆ ಬೀಳಗಿ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯಲ್ಲಿತ್ತು. 1997ರಲ್ಲಿ ಜಿಲ್ಲೆ ಒಡೆದ ಮೇಲೆ ಬಾಗಲಕೋಟೆಗೆ ಸೇರಿತು. ಹೀಗಾಗಿ ಎರಡೂ ಜಿಲ್ಲೆಗಳು ಅವರನ್ನು ತಮ್ಮವರೆಂದು ಹೇಳಿಕೊಳ್ಳಬಹುದು. ಎರಡೂ ಜಿಲ್ಲೆಗಳು ಹಾಗೆ ಹೇಳಿಕೊಂಡದ್ದು ತೀರ ಕಡಿಮೆ ಎಂಬುದು ನನ್ನ ಕೊರಗು.

ಹಿಂದಿ ಚಿತ್ರಗೀತೆಯ ಚರಿತ್ರೆ ಬರೆದವರು ಅಮೀರ್‌ಬಾಯಿಯವರನ್ನು ಹಿನ್ನೆಲೆ ಗಾಯಕಿಯೆಂದೇ ನೆನೆಯುತ್ತಾರೆ. ಅದು ತಪ್ಪಲ್ಲ, ಆದರೆ ಅರ್ಧ ಮಾತು. ಅವರು ಮೊದಲು ನಟಿ, ಅದರಲ್ಲಿಯೂ ನಮ್ಮ ಕಡೆಯ ಕಂಪನಿ ನಾಟಕದ ನಟಿ. ಅವರ ಹಾಡಿಕೆಯಲ್ಲಿ ನಾವು ಮೆಚ್ಚುವ ಗುಣಗಳು ರಂಗದ ತಾಲೀಮಿನಲ್ಲಿ ಹದಗೊಂಡವು ಎಂದು ನಾನು ನಂಬಿದ್ದೇನೆ.

ಆ ರಂಗ ಹೇಗಿತ್ತೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಉತ್ತರ ಕರ್ನಾಟಕದ ಊರೂರುಗಳಲ್ಲಿ ಕಂಪನಿಗಳು ಮುಕ್ಕಾಂ ಮಾಡುತ್ತಿದ್ದವು. ಗದಗಿನಲ್ಲಿ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯಿತ್ತು, ವಾಮನರಾವ್ ಮಾಸ್ತರರ ವಿಶ್ವಗುಣಾದರ್ಶ ಮಂಡಳಿಯಿತ್ತು, ಶಿರಹಟ್ಟಿಯ ವೆಂಕೋಬರಾಯರ ಹೆಸರು ಮನೆಮಾತಾಗಿತ್ತು. ತಗಡಿನ ಥಿಯೇಟರು, ಗ್ಯಾಸ್‌ಬತ್ತಿಯ ಬೆಳಕು, ರಂಗದ ಮುಂದೆ ಕಾಲಿನಿಂದ ಗಾಳಿಯೊತ್ತಿ ನುಡಿಸುವ ಹಾರ್ಮೋನಿಯಂ ಆದ ಕಾಲುಪೇಟಿ ಮತ್ತು ತಬಲಾ. ಧ್ವನಿವರ್ಧಕವೆಂಬುದು ಇರಲಿಲ್ಲ. ಪಾತ್ರಧಾರಿಯೇ ಹಾಡಬೇಕು, ಹಾಡುತ್ತಲೇ ಅಭಿನಯಿಸಬೇಕು, ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕುಳಿತವನಿಗೂ ಪದದ ಒಂದೊಂದು ಅಕ್ಷರ ತಿಳಿಯಬೇಕು. ತಿಳಿಯದಿದ್ದರೆ ಜನ ಗದ್ದಲ ಮಾಡುತ್ತಿದ್ದರು. ಮೆಚ್ಚಿದರೆ ‘ವನ್ಸ್ ಮೋರ್’ ಎಂದು ಕೂಗಿ ಅದೇ ಪದವನ್ನು ಮತ್ತೆ ಮತ್ತೆ ಹಾಡಿಸುತ್ತಿದ್ದರು. ಈ ಶಿಸ್ತಿನಲ್ಲಿ ಬೆಳೆದ ಗಂಟಲು ತೆರೆದ ಗಂಟಲಾಗಿರುತ್ತದೆ, ಮಾತು ಸ್ಪಷ್ಟವಾಗಿರುತ್ತದೆ, ಭಾವವು ಸ್ವರಕ್ಕಿಂತ ಮುಂದೆ ಬಂದು ನಿಲ್ಲುತ್ತದೆ. ಅಮೀರ್‌ಬಾಯಿಯವರ ಯಾವುದೇ ಹಾಡನ್ನು ಕೇಳಿದರೂ ಈ ಮೂರು ಗುಣಗಳು ನಿಮ್ಮ ಕಿವಿಗೆ ಬೀಳುತ್ತವೆ.

ಇನ್ನೊಂದು ಸಂಗತಿಯಿದೆ. ವಿಜಾಪುರ ಸೀಮೆಯ ಪೇಟೆಗಳಲ್ಲಿ ಕನ್ನಡ, ದಖನಿ ಉರ್ದು ಮತ್ತು ಮರಾಠಿಗಳು ಒಂದೇ ಓಣಿಯಲ್ಲಿ ಓಡಾಡುವ ಭಾಷೆಗಳು. ಇಲ್ಲಿ ಬೆಳೆದ ಕಲಾವಿದೆಗೆ ಹೊಸ ಭಾಷೆಯ ಉಚ್ಚಾರ ಕಷ್ಟವಾಗುವುದಿಲ್ಲ. ಮುಂದೆ ಅವರು ಹಿಂದಿಯಲ್ಲಿ ಮಾತ್ರವಲ್ಲದೆ ಗುಜರಾತಿ ಚಿತ್ರಗಳಲ್ಲಿಯೂ ಬಹು ಬೇಡಿಕೆಯ ಗಾಯಕಿಯಾದುದಕ್ಕೆ ಈ ನೆಲದ ಋಣವೂ ಇದೆ.

ಆಗ ಹೆಣ್ಣು ಪಾತ್ರಗಳನ್ನು ಬಹುಮಟ್ಟಿಗೆ ಗಂಡಸರೇ ಮಾಡುತ್ತಿದ್ದರು. ಹಾಡಿನ ಪರಂಪರೆಯುಳ್ಳ ಮನೆತನಗಳಿಂದ ಕೆಲವು ಹೆಣ್ಣುಮಕ್ಕಳು ಧೈರ್ಯ ಮಾಡಿ ರಂಗಕ್ಕೆ ಬಂದರು. ಗುಳೇದಗುಡ್ಡದ ಗಂಗೂಬಾಯಿಯವರ ಹೆಸರನ್ನು ಇಲ್ಲಿ ಗೌರವದಿಂದ ನೆನೆಯಬೇಕು. ರಾತ್ರಿ ಚಪ್ಪಾಳೆ ತಟ್ಟಿದ ಜನವೇ ಹಗಲು ಅವರಿಗೆ ಬಾಡಿಗೆ ಮನೆ ಕೊಡಲು ಹಿಂಜರಿಯುತ್ತಿದ್ದ ಕಾಲವದು. ಅಂಥ ಕಾಲದಲ್ಲಿ ತನ್ನ ದುಡಿಮೆಯಿಂದ ತಾನು ಬದುಕುತ್ತೇನೆಂದು ನಿಂತ ಪ್ರತಿಯೊಬ್ಬ ನಟಿಯೂ ಮಾಡಿದ್ದು ಸಮಾಜದ ಕೆಲಸವೇ. ಅಮೀರ್‌ಬಾಯಿಯವರ ಸಮಾಜಸೇವೆಯ ಲೆಕ್ಕವನ್ನು ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

1931ರಲ್ಲಿ ಭಾರತದ ಸಿನಿಮಾಕ್ಕೆ ಮಾತು ಬಂದಿತು. ಮಾತು ಬಂದ ಕೂಡಲೇ ಹಾಡೂ ಬಂದಿತು. ಹಿನ್ನೆಲೆ ಗಾಯನದ ಪದ್ಧತಿ ಇನ್ನೂ ನೆಲೆಗೊಳ್ಳದಿದ್ದ ಆ ದಿನಗಳಲ್ಲಿ ನಟಿಸಲೂ ಹಾಡಲೂ ಬಲ್ಲವರು ಬೇಕಾದರು. ಅಂಥವರು ಇದ್ದದ್ದು ನಾಟಕ ಕಂಪನಿಗಳಲ್ಲಿ. ಅಮೀರ್‌ಬಾಯಿ 1934ರಲ್ಲಿ ‘ವಿಷ್ಣುಭಕ್ತಿ’ ಚಿತ್ರದ ಮೂಲಕ ತೆರೆಗೆ ಬಂದರು. ಹಲವು ವರ್ಷಗಳ ಕಾಲ ದೊಡ್ಡ ಹೆಸರೇನೂ ಬರಲಿಲ್ಲ. 1940ರಲ್ಲಿ ವಿಜಯ್ ಭಟ್ಟರ ‘ನರಸಿ ಭಗತ್’ ಚಿತ್ರದಲ್ಲಿ ಗಾಂಧೀಜಿಯವರಿಗೆ ಪ್ರಿಯವಾದ ನರಸಿ ಮೆಹತಾರ ಭಜನೆಯನ್ನು ಅವರು ಹಾಡಿದರು.

1943ರ ‘ಕಿಸ್ಮತ್’ ಅವರ ಬದುಕಿನ ದಿಕ್ಕನ್ನೇ ಬದಲಿಸಿತು. ಬಾಂಬೆ ಟಾಕೀಸ್ ಎಂಬ ಚಿತ್ರ ತಯಾರಿಕಾ ಸಂಸ್ಥೆಯ ಈ ಚಿತ್ರ ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಗಳಿಗೂ ಮೀರಿ ಓಡಿತು. ಅನಿಲ್ ಬಿಸ್ವಾಸರ ಸಂಗೀತದಲ್ಲಿ ಅಮೀರ್‌ಬಾಯಿ ಹಾಡಿದ ಪ್ರೇಮಗೀತೆಗಳೂ ಶೋಕಗೀತೆಗಳೂ ಮನೆಮನೆಯ ಹಾಡಾದವು. ಅದರಲ್ಲಿಯೇ ಇನ್ನೊಂದು ಗೀತೆಯಿತ್ತು. ಹಿಂದುಸ್ತಾನ ನಮ್ಮದು, ಪರರೇ ದೂರ ಸರಿಯಿರಿ ಎಂಬ ಅರ್ಥದ ಆ ಗೀತೆಯನ್ನು ಬರೆದವರು ಕವಿ ಪ್ರದೀಪ್. ಚಲೇಜಾವ್ ಚಳವಳಿ ಆರಂಭವಾಗಿ ಕೆಲವೇ ತಿಂಗಳು ಕಳೆದಿದ್ದವು, ನಾಯಕರೆಲ್ಲ ಸೆರೆಮನೆಯಲ್ಲಿದ್ದರು. ಹಾಡಿನಲ್ಲಿ ಜರ್ಮನಿ ಮತ್ತು ಜಪಾನುಗಳ ಹೆಸರಿದ್ದ ಕಾರಣ ಬ್ರಿಟಿಷ್ ಸೆನ್ಸಾರಿನವರು ಅದನ್ನು ಯುದ್ಧದ ಪರವಾದ ಗೀತೆಯೆಂದು ಬಿಟ್ಟರು. ಜನರಿಗೆ ಮಾತ್ರ ಅದು ಯಾರನ್ನು ಕುರಿತದ್ದೆಂದು ಚೆನ್ನಾಗಿ ತಿಳಿದಿತ್ತು. ಖಾನ್ ಮಸ್ತಾನಾ ಮತ್ತು ಮೇಳದವರೊಂದಿಗೆ ಆ ಗೀತೆಯನ್ನು ಹಾಡಿದ ದನಿ ಬೀಳಗಿಯದು. ನಮ್ಮ ಜಿಲ್ಲೆಗಳ ಸ್ವಾತಂತ್ರ್ಯ ಹೋರಾಟದ ಚರಿತ್ರೆ ಬರೆಯುವವರು ಕರನಿರಾಕರಣೆ, ಜೈಲುವಾಸಗಳ ಜೊತೆಗೆ ಈ ದನಿಯನ್ನೂ ದಾಖಲಿಸಬೇಕು.

ಮುಂದೆ ನೌಶಾದ್, ಸಿ. ರಾಮಚಂದ್ರರಂಥವರ ಸಂಗೀತದಲ್ಲಿ ಅವರು ಹಾಡಿದರು. ನಲವತ್ತರ ದಶಕದ ಕೊನೆಗೆ ಕಾಲ ಬದಲಾಯಿತು. ಲತಾ ಮಂಗೇಶ್ಕರರ ತೆಳುವಾದ, ಎತ್ತರದ ದನಿಗೆ ಕಿವಿಗಳು ಒಗ್ಗಿದವು. ಧ್ವನಿಮುದ್ರಣ ಸುಧಾರಿಸಿ, ಮೈಕಿನ ಮುಂದೆ ಮೆಲ್ಲಗೆ ಹಾಡುವ ಕ್ರಮ ಬಂದಿತು. ಲತಾ ಮತ್ತು ಅಮೀರ್‌ಬಾಯಿ ಒಟ್ಟಿಗೆ ಹಾಡಿದ 1950ರ ‘ಸಮಾಧಿ’ ಚಿತ್ರದ ಯುಗಳಗೀತೆ ಇಂದಿಗೂ ಜನಪ್ರಿಯ. ಎರಡು ಕಾಲಗಳು ಒಂದೇ ಗ್ರಾಮಫೋನ್ ತಟ್ಟೆಯಲ್ಲಿ ಅಲ್ಲಿ ಕೇಳಿಸುತ್ತವೆ. ಹಾಡುವ ಅವಕಾಶಗಳು ಕಡಿಮೆಯಾದಾಗ ಅಮೀರ್‌ಬಾಯಿ ಮತ್ತೆ ಅಭಿನಯಕ್ಕೆ ಮರಳಿ, ಪೋಷಕ ಪಾತ್ರಗಳನ್ನು ಮಾಡಿದರು. ರಂಗದಲ್ಲಿ ಕಲಿತ ವಿದ್ಯೆ ಅವರ ಕೈ ಬಿಡಲಿಲ್ಲ.

ಅವರ ಸಹೋದರಿ ಗೋಹರ್‌ಬಾಯಿಯವರ ಕಥೆ ಬೇರೆ ದಾರಿಯದು. ಮರಾಠಿ ರಂಗಭೂಮಿಯ ಮಹಾನ್ ನಟ ಬಾಲಗಂಧರ್ವರ ಗಾಯನವನ್ನು ಆರಾಧಿಸಿ, ಆ ಶೈಲಿಯನ್ನು ಕರಗತ ಮಾಡಿಕೊಂಡು, ಮೂವತ್ತರ ದಶಕದ ಕೊನೆಯಲ್ಲಿ ಗೋಹರ್‌ಬಾಯಿ ಆ ನಟನ ಮಂಡಳಿಯನ್ನೇ ಸೇರಿದರು. ಸ್ತ್ರೀಪಾತ್ರಗಳಿಗೆ ಹೆಸರಾದ ನಟನ ಎದುರಿಗೆ ನಿಜವಾದ ಹೆಣ್ಣೊಬ್ಬಳು ನಾಯಕಿಯಾಗಿ ನಿಂತದ್ದನ್ನು ಅನೇಕರು ಸಹಿಸಲಿಲ್ಲ. 1951ರಲ್ಲಿ ಅವರಿಬ್ಬರೂ ಮದುವೆಯಾದರು. ನಿಂದೆಯ ಮಾತುಗಳ ನಡುವೆಯೂ, ಕಾಲಿನ ಸ್ವಾಧೀನ ತಪ್ಪಿದ ಆ ಕಲಾವಿದನನ್ನು ಗೋಹರ್‌ಬಾಯಿ ನೋಡಿಕೊಂಡರು. 1964ರಲ್ಲಿ ಗೋಹರ್‌ಬಾಯಿ ತೀರಿಕೊಂಡರು. ಮರುವರ್ಷ, 1965ರ ಮಾರ್ಚ್ 3ರಂದು, ಅಮೀರ್‌ಬಾಯಿಯೂ ಕಣ್ಮುಚ್ಚಿದರು.

ಈಗ ಟಾಕೀಸಿನ ಮಾತಿಗೆ ಬರುತ್ತೇನೆ. ನಮ್ಮ ಕಂಪನಿಗಳಲ್ಲಿ ಒಂದು ಒಳ್ಳೆಯ ರೂಢಿಯಿತ್ತು. ಊರು ಬಿಡುವ ಮೊದಲು ಒಂದು ಆಟದ ಉತ್ಪನ್ನವನ್ನು ಆ ಊರಿನ ಶಾಲೆಗೋ ಮಠಕ್ಕೋ ದರ್ಗಾಕ್ಕೋ ಕೊಡುವುದು. ಅದನ್ನು ಸಹಾಯಾರ್ಥ ಪ್ರದರ್ಶನ ಎನ್ನುತ್ತಿದ್ದರು. ಊರಿನಿಂದ ಪಡೆದದ್ದರಲ್ಲಿ ಒಂದು ಪಾಲು ಊರಿಗೇ ಹಿಂದಿರುಗಬೇಕೆಂಬ ತಿಳಿವಳಿಕೆ ಅದು. ಮುಂಬಯಿಯಲ್ಲಿ ಹೆಸರು ಮಾಡಿದ ಕಲಾವಿದೆಯೊಬ್ಬರ ಚಿತ್ರಮಂದಿರ ವಿಜಯಪುರದಲ್ಲಿ ಎದ್ದುದನ್ನು ನಾನು ಆ ರೂಢಿಯ ಮುಂದುವರಿಕೆಯಾಗಿಯೇ ಕಾಣುತ್ತೇನೆ. ಒಂದು ಚಿತ್ರಮಂದಿರವೆಂದರೆ ಟಿಕೆಟು ಕೊಡುವವರು, ಗೇಟು ಕಾಯುವವರು, ಪ್ರೊಜೆಕ್ಟರ್ ನಡೆಸುವವರು, ಪೋಸ್ಟರು ಹಚ್ಚುವವರು, ಹೊರಗೆ ಚಹಾ, ಚುರುಮುರಿ ಮಾರುವವರು, ಇಷ್ಟು ಮನೆಗಳ ಹೊಟ್ಟೆಯ ದಾರಿ.

ಬನಶಂಕರಿ ಜಾತ್ರೆಯಲ್ಲಿ ಇಂದಿಗೂ ಕಂಪನಿಗಳು ಸಾಲಾಗಿ ಥಿಯೇಟರು ಹಾಕುತ್ತವೆ, ನಟಿಯರು ಒಂದೇ ರಾತ್ರಿಯಲ್ಲಿ ಎರಡು ಮೂರು ಆಟಗಳನ್ನು ಆಡುತ್ತಾರೆ. ಅವರ ಪರಂಪರೆಯ ದಾಖಲೆ ನಮ್ಮಲ್ಲಿ ಚೆಲ್ಲಾಪಿಲ್ಲಿಯಾಗಿದೆ. ಬೀಳಗಿ, ಗುಳೇದಗುಡ್ಡ, ಇಳಕಲ್ಲ, ವಿಜಯಪುರಗಳ ಹಳೆಯ ಮನೆಗಳ ಅಟ್ಟದ ಮೇಲೆ ಗ್ರಾಮಫೋನ್ ತಟ್ಟೆಗಳು, ನಾಟಕದ ಹ್ಯಾಂಡ್‌ಬಿಲ್ಲುಗಳು, ಕಂಪನಿಯ ಗುಂಪಿನ ಫೋಟೋಗಳು ಇನ್ನೂ ಉಳಿದಿರಬಹುದು. ಅವುಗಳನ್ನು ಗುಜರಿಗೆ ಹಾಕಬೇಡಿರಿ. ವಿಜಯಪುರದಲ್ಲಿ ಅಕ್ಕಮಹಾದೇವಿಯ ಹೆಸರಿನ ಮಹಿಳಾ ವಿಶ್ವವಿದ್ಯಾಲಯವಿದೆ. ರಂಗದ ಮತ್ತು ತೆರೆಯ ಹೆಣ್ಣುಮಕ್ಕಳ ಚರಿತ್ರೆಯನ್ನು ಕೂಡಿಸಿಡಲು ಅದಕ್ಕಿಂತ ತಕ್ಕ ಜಾಗ ನನಗೆ ತೋಚುವುದಿಲ್ಲ. ತಟ್ಟೆಗಳನ್ನು ಕೊಡಲು ಮನಸ್ಸಿಲ್ಲದಿದ್ದರೆ ಅವುಗಳ ಮೇಲಿನ ಹೆಸರು ಮತ್ತು ನಂಬರುಗಳನ್ನು ಬರೆದಾದರೂ ಕಳಿಸಿರಿ, ಹಾಡನ್ನು ಪ್ರತಿ ಮಾಡಿಕೊಳ್ಳಲು ಒಂದು ದಿನ ಬಿಟ್ಟುಕೊಡಿರಿ. ನಮಸ್ಕಾರ.